ಕರ ಕೊಡೋಣ, ಕೇಳಿ ಕೊಡೋಣ

ಮನೆಯೆಂದರೆ ಹೆಣ್ಣು ಎನ್ನುವ ಮಾತನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ಯಾವ ಊರಿಗೆ ಹೋದರೂ ಕೇಳಬಹುದು. ಹೊಸ್ತಿಲಿಗೆ ಅರಿಶಿನ ಹಚ್ಚುವವಳು ಅವಳು, ಮಳೆಗಾಲಕ್ಕೆ ಮೊದಲು ಮಾಳಿಗೆಗೆ ಮಣ್ಣು ಹಾಕಿಸುವವಳು ಅವಳು, ಯಾವ ಗೋಡೆ ಯಾವ ವರ್ಷ ಬಿರುಕು ಬಿಟ್ಟಿತೆಂದು ನೆನಪಿಟ್ಟವಳೂ ಅವಳೇ. ಆದರೆ ಆ ಮನೆಗೆ ಕರದ ನೋಟೀಸು ಬಂದಾಗ ಮಾತ್ರ ಅದು ಅವಳ ಕೈ ದಾಟಿ ಗಂಡನ ಅಂಗಿಯ ಕಿಸೆಗೋ, ಮಗನ ಮೊಬೈಲಿಗೋ, ಓಣಿಯ ದಲ್ಲಾಳಿಯ ಕೈಗೋ ಹೋಗುತ್ತದೆ. ಅದರಲ್ಲಿ ಏನು ಬರೆದಿದೆ ಎಂದು ಕೇಳಿದರೆ, ‘ನಿನಗ್ಯಾಕ ಅದೆಲ್ಲಾ’ ಎಂಬ ಉತ್ತರ. ಈ ಉತ್ತರದ ಮೇಲೆ ನನಗೆ ಸಿಟ್ಟಿದೆ. ಈ ಬರಹ ಆ ಸಿಟ್ಟಿನಿಂದಲೇ ಹುಟ್ಟಿದ್ದು.

ಯಾಕೆಂದರೆ ಇವತ್ತು ಎಷ್ಟೋ ಮನೆಗಳು ಕಾಗದದ ಮೇಲೂ ಹೆಣ್ಣುಮಕ್ಕಳವೇ. ಹಿರಿಯರ ಆಸ್ತಿಯಲ್ಲಿ ಮಗನಂತೆ ಮಗಳಿಗೂ ಹಕ್ಕು ಎಂಬ ಕಾಯಿದೆ ಕರ್ನಾಟಕದಲ್ಲಿ 1994ರ ಜುಲೈ 30ರಿಂದಲೇ ಜಾರಿಗೆ ಬಂತು. ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ. ಆಶ್ರಯ ಮನೆಗಳು ಹೆಂಗಸರ ಹೆಸರಿಗೆ ಬಂದವು. 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯೂ ಮನೆ ಒಡತಿಯ ಹೆಸರಿಗೆ, ಇಲ್ಲವೆ ಗಂಡ ಹೆಂಡಿರ ಜಂಟಿ ಹೆಸರಿಗೆ ಎಂದು ಹೇಳಿತು. ಹೆಸರು ನಮ್ಮದಾಯಿತು, ಕರ ಬಾಕಿ ಉಳಿದರೆ ನೋಟೀಸೂ ನಮ್ಮ ಹೆಸರಿಗೇ ಬರುತ್ತದೆ. ಹಾಗಿದ್ದ ಮೇಲೆ ಈ ಲೆಕ್ಕ ಸರಿಯೆ ಎಂದು ಕೇಳುವ ಬಾಯಿ ಮಾತ್ರ ಇನ್ನೊಬ್ಬರದು ಯಾಕೆ?

ಲೆಕ್ಕ ಹೇಗೆ ಆಗುತ್ತದೆಂದು ಮೊದಲು ತಿಳಿಯಬೇಕು. ಹಿಂದೆ ಮನೆಗೆ ಎಷ್ಟು ಬಾಡಿಗೆ ಬರಬಹುದೆಂದು ಅಂದಾಜು ಮಾಡಿ ಕರ ಕಟ್ಟುತ್ತಿದ್ದರು. 2002ರ ನಂತರ ನಮ್ಮ ಊರುಗಳಿಗೂ ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂತು. ಅಂದರೆ ಜಾಗ ಎಷ್ಟು, ಕಟ್ಟಡ ಎಷ್ಟು, ಚಾವಣಿ ಮಣ್ಣಿನದೋ ತಗಡಿನದೋ ಆರ್‌ಸಿಸಿಯೋ, ಕಟ್ಟಿ ಎಷ್ಟು ವರ್ಷವಾಯಿತು, ವಾಸಕ್ಕೋ ವ್ಯಾಪಾರಕ್ಕೋ ಎಂಬುದನ್ನೆಲ್ಲ ಮಾಲೀಕರೇ ಬರೆದುಕೊಡಬೇಕು. ಅದಕ್ಕೆ ಸರಕಾರದ ಮಾರ್ಗಸೂಚಿ ಬೆಲೆ ಸೇರಿ, ಹಳೆಯ ಕಟ್ಟಡಕ್ಕೆ ಸವಕಳಿ ಕಳೆದು, ಕರ ನಿಗದಿಯಾಗುತ್ತದೆ. ‘ಸ್ವಯಂ ಘೋಷಿತ’ ಎನ್ನುವುದು ಒಳ್ಳೆಯ ಹೆಸರೇ. ಆದರೆ ನಮ್ಮಲ್ಲಿ ಎಷ್ಟು ಮಂದಿ ಸ್ವತಃ ಘೋಷಿಸಿದ್ದೇವೆ? ದಲ್ಲಾಳಿ ತುಂಬುತ್ತಾನೆ, ನಾವು ತೋರಿಸಿದ ಕಡೆ ಸಹಿ ಮಾಡುತ್ತೇವೆ. ಅವನು ತಪ್ಪು ತುಂಬಿದರೂ ಕಾನೂನಿನ ಕಣ್ಣಿಗೆ ಅದು ನಮ್ಮದೇ ಮಾತು.

ಒಂದು ಮನೆಯಲ್ಲಿ ಒಮ್ಮೆ ಹೊಕ್ಕ ತಪ್ಪು ಅಲ್ಲಿಗೇ ನಿಲ್ಲುವುದಿಲ್ಲ, ವರ್ಷವರ್ಷವೂ ಮರಿ ಹಾಕುತ್ತದೆ. ಕರದ ಮೇಲೆ ಆರೋಗ್ಯ ಕರವೆಂದು ಶೇಕಡಾ 15, ಗ್ರಂಥಾಲಯ ಕರ ಶೇಕಡಾ 6, ಭಿಕ್ಷುಕರ ಕರ ಶೇಕಡಾ 3 ಸೇರುತ್ತವೆ. ಸಾವಿರ ರೂಪಾಯಿ ಹೆಚ್ಚಿಗೆ ಹಾಕಿದ್ದರೆ ಈ ಮೂರರಿಂದಲೇ ಇನ್ನೂ 240 ರೂಪಾಯಿ ಹೋಗುತ್ತದೆ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇಕಡಾ 5 ರಿಯಾಯಿತಿ ಉಂಟು. ಜೂನ್ ದಾಟಿದರೆ ತಿಂಗಳಿಗೆ ಶೇಕಡಾ 2ರಂತೆ ದಂಡ. ಸಂಘದ ಸಾಲಕ್ಕೆ ಇಷ್ಟು ಬಡ್ಡಿ ಕೇಳಿದರೆ ನಾವು ರಾದ್ಧಾಂತ ಮಾಡುವುದಿಲ್ಲವೆ? ಇಲ್ಲಿ ಮಾತ್ರ ಸೊಲ್ಲೆತ್ತುವುದಿಲ್ಲ.

ನನ್ನ ಚಿಗವ್ವನ ಮಾತು ಹೇಳುತ್ತೇನೆ. ಊರಿನ ಹೆಸರೂ ಬೇಡ, ಕಚೇರಿಯ ಹೆಸರೂ ಬೇಡ. ಗಂಡ ತೀರಿಕೊಂಡ ಮೇಲೆ ಪಡಸಾಲೆಯಲ್ಲಿ ಹೊಲಿಗೆ ಮಷಿನ್ ಇಟ್ಟುಕೊಂಡು ರವಿಕೆ ಹೊಲಿದು ಮಕ್ಕಳನ್ನು ಓದಿಸಿದವಳು. ಅಳತೆಗೆ ಬಂದವರು ಮಷಿನ್ ನೋಡಿ ಇಡೀ ಮನೆಯನ್ನು ‘ವಾಣಿಜ್ಯ’ ಎಂದು ಬರೆದುಕೊಂಡು ಹೋದರು. ವಾಸದ ಮನೆಯ ದರ ಬೇರೆ, ವ್ಯಾಪಾರದ ದರ ಬೇರೆ, ಎರಡನೆಯದು ಹೆಚ್ಚು. ಚೀಟಿ ಹಿಡಿದು ಕಚೇರಿಗೆ ಹೋದರೆ, ‘ಅವ್ವಾರ, ಮನ್ಯಾಗ ಗಂಡಸರು ಯಾರರ ಇದ್ರ ಕಳಸ್ರಿ’ ಎಂದರಂತೆ. ಚಿಗವ್ವ ಎದ್ದು ಬರಲಿಲ್ಲ. ‘ಮುಂದಿನ ಪಡಸಾಲಿ ಅಂಗಡಿ ಅನ್ರಿ, ಒಪ್ಪತೀನಿ. ಒಳಗಿನ ಅಡಗಿಮನಿ, ದೇವರಮನಿ ಹೆಂಗ ಅಂಗಡಿ ಆಗತಾವ? ನಾನು ಅಲ್ಲಿ ಯಾರಿಗೆ ಏನ್ ಮಾರೇನಿ?’ ಎಂದು ಕೇಳಿದಳು. ಅದನ್ನೇ ಮಗಳ ಕೈಲಿ ಬರೆಸಿ ತಕರಾರು ಅರ್ಜಿ ಕೊಟ್ಟಳು. ನಾಲ್ಕು ಸಲ ಅಲೆದ ಮೇಲೆ ಮರು ಅಳತೆಯಾಯಿತು. ಪಡಸಾಲೆ ಅಂಗಡಿಯಾಗಿಯೇ ಉಳಿಯಿತು, ಒಳಮನೆ ಮನೆಯಾಯಿತು. ಕಡಿಮೆಯಾದದ್ದು ದೊಡ್ಡ ಮೊತ್ತವೇನಲ್ಲ. ಆದರೆ ಆವತ್ತಿನಿಂದ ಆ ಕಚೇರಿಯಲ್ಲಿ ಅವಳನ್ನು ಯಾರೂ ಗಂಡಸರನ್ನು ಕಳಿಸಿರಿ ಎಂದು ಕೇಳಿಲ್ಲ.

ಕರದ ವಿಷಯದಲ್ಲಿ ಅಹವಾಲು ಹೇಳಿಕೊಳ್ಳುವುದು ನಮ್ಮ ನೆಲಕ್ಕೆ ಹೊಸದಲ್ಲ. ಮನೆದೆರೆ, ಮಗ್ಗದೆರೆ, ಗಾಣದೆರೆಗಳ ಹೆಸರು ಹಳೆಯ ಶಾಸನಗಳಲ್ಲಿದೆ. 16ನೆಯ ಶತಮಾನದಲ್ಲಿ, ವಿಜಯನಗರದ ಸದಾಶಿವರಾಯನ ಕಾಲಕ್ಕೆ, ಬಾದಾಮಿಯ ಕೊಂಡೋಜನೆಂಬ ಕ್ಷೌರಿಕ ಅಳಿಯ ರಾಮರಾಯನ ಮೆಚ್ಚುಗೆ ಗಳಿಸಿ ತನ್ನ ಕಸುಬಿನವರ ತೆರಿಗೆಗಳನ್ನು ಬಿಡಿಸಿದ ಸಂಗತಿ ಶಾಸನದಲ್ಲಿ ದಾಖಲಾಗಿದೆ. ಆಮೇಲೆ 1948ರವರೆಗೂ ನಾವು ನಿಜಾಮನ ಪ್ರಜೆಗಳು. ವಸೂಲಿ, ಬಾಕಿ, ಜಪ್ತಿ, ರಸೀದಿ ಎಂಬ ಮಾತುಗಳು ನಮ್ಮ ಮುದುಕಿಯರ ಬಾಯಲ್ಲೂ ಸಲೀಸಾಗಿ ಆಡುತ್ತವೆ. ತಕರಾರು ಎಂಬ ಮಾತೂ ಅದೇ ಗುಂಪಿನದು. ಆದರೆ ಒಂದು ವ್ಯತ್ಯಾಸವಿದೆ. ಕೊಂಡೋಜನಿಗೆ ದೊರೆಯ ಮೆಚ್ಚುಗೆ ಬೇಕಾಗಿತ್ತು. ನಮಗೆ ಯಾರ ಮೆಚ್ಚುಗೆಯೂ ಬೇಕಿಲ್ಲ. ಕಾಯಿದೆಯೇ ನಮ್ಮ ಮಾತನ್ನು ಕೇಳಬೇಕೆಂದು ಹೇಳಿದೆ. ಹಾಗಿದ್ದೂ ನಾವು ಇನ್ನೂ ‘ಸಾಹೇಬರ, ಸ್ವಲ್ಪ ನೋಡ್ರಿ’ ಎಂದು ಕೈಮುಗಿಯುತ್ತಲೇ ಇದ್ದೇವೆ.

ಇದಕ್ಕೆ ಎದುರು ಹೇಳುವವರ ಮಾತನ್ನೂ ಕೇಳೋಣ. ನಾಲ್ಕುನೂರು ರೂಪಾಯಿಗೆ ಇಷ್ಟೊಂದು ಅಲೆದಾಟವೆ ಎನ್ನುತ್ತಾರೆ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾವು, ಪ್ರತಿ ವರ್ಷ ಹೋಗುವ ನಾಲ್ಕುನೂರಕ್ಕೆ ದೊಡ್ಡಸ್ತಿಕೆ ತೋರಿಸುವುದು ಯಾವ ನ್ಯಾಯ? ತಕರಾರು ಹಾಕಿದರೆ ಕಚೇರಿಯವರು ಹಗೆ ಸಾಧಿಸುತ್ತಾರೆ ಎನ್ನುತ್ತಾರೆ. ಬಾಯಿಮಾತಿನ ತಕರಾರಿಗೆ ಆ ಭಯ ಇರಬಹುದು. ಬರೆದು ಕೊಟ್ಟು ಸ್ವೀಕೃತಿ ಪಡೆದ ಅರ್ಜಿಯನ್ನು ತುಳಿಯುವುದು ಅಷ್ಟು ಸುಲಭವಲ್ಲ.

ಮೂರನೆಯ ಮಾತು ಮಾತ್ರ ತೂಕದ್ದು. ಎಲ್ಲರೂ ತಕರಾರು ಮಾಡುತ್ತ ಕೂತರೆ ಊರಿಗೆ ನೀರು, ದೀಪ, ಗಟಾರು ಎಲ್ಲಿಂದ ಬರಬೇಕು? ನಿಜ. ಕರ ಕೊಡದ ಊರು ಕೊಳೆಯುತ್ತದೆ. ಮೂರು ಮಹಡಿ ಕಟ್ಟಿ ಒಂದನ್ನೇ ತೋರಿಸುವವರು, ಅಂಗಡಿಯನ್ನು ಮನೆಯೆಂದು ಬರೆಸುವವರು ಕಳ್ಳತನ ಮಾಡುತ್ತಿದ್ದಾರೆ. ಅವರ ಪರವಾಗಿ ನನ್ನದು ಒಂದು ಅಕ್ಷರವೂ ಇಲ್ಲ. ನಾನು ಕೇಳುತ್ತಿರುವುದು ಕರ ತಪ್ಪಿಸುವುದನ್ನಲ್ಲ, ಇದ್ದಷ್ಟಕ್ಕೆ ಕರ ಹಾಕುವುದನ್ನು. ಗಂಗಾವತಿಯ ಅಕ್ಕಿ ಗಿರಣಿಗೆ ಲೆಕ್ಕಿಗನಿರುತ್ತಾನೆ, ವಕೀಲನಿರುತ್ತಾನೆ. ಗಿರಣಿಯವರು ತಕರಾರು ಹಾಕಿದರೆ ಅದನ್ನು ವ್ಯವಹಾರ ಜ್ಞಾನ ಎನ್ನುತ್ತಾರೆ. ಖಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಗಳು ಹಾಕಿದರೆ ಜಗಳಗಂಟಿ ಎನ್ನುತ್ತಾರೆ. ಬಲ್ಲವರು ಮಾತ್ರ ಕೇಳಿ ಸರಿಮಾಡಿಸಿಕೊಂಡರೆ, ಕೇಳದವರ ಹೆಗಲ ಮೇಲೇ ಊರಿನ ಭಾರ ಉಳಿಯುತ್ತದೆ.

ಹಾಗಾದರೆ ಮಾಡುವುದೇನು? ಕೊಪ್ಪಳ, ಗಂಗಾವತಿಗಳಲ್ಲಿ ನಗರಸಭೆ, ಕುಷ್ಟಗಿಯಲ್ಲಿ ಪುರಸಭೆ, ಯಲಬುರ್ಗಾದಲ್ಲಿ ಪಟ್ಟಣ ಪಂಚಾಯಿತಿ. ಬಾಗಿಲು ಬೇರೆ, ದಾರಿ ಒಂದೇ. ಟೇಪು ಹಿಡಿದು ನಿಮ್ಮ ಮನೆಯನ್ನು ನೀವೇ ಅಳೆಯಿರಿ. ಹಳೆಯ ಮನೆಯ ಅಂಕಣದ ಲೆಕ್ಕ ಕಚೇರಿಯವರಿಗೆ ತಿಳಿಯದೆ ಹೋಗಬಹುದು, ನಿಮಗೆ ತಿಳಿದಿದೆ. ಹಿಂದಿನ ಘೋಷಣೆಯ ನಕಲು ಕೇಳಿ, ಒಂದೊಂದೇ ಕಲಂ ಎದುರು ನೋಡಿ. ಬಿದ್ದುಹೋದ ದನದ ಕೊಟ್ಟಿಗೆ ಇನ್ನೂ ಲೆಕ್ಕದಲ್ಲಿ ಇದ್ದೀತು, ಐವತ್ತು ವರ್ಷದ ಗೋಡೆಗೆ ಹೊಸ ಕಟ್ಟಡದ ಬೆಲೆ ಬಿದ್ದೀತು. ನಕಲು ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯಿದೆಯಿದೆ: 10 ರೂಪಾಯಿಯ ಅರ್ಜಿ, 30 ದಿನದೊಳಗೆ ಉತ್ತರ. ಬಿಪಿಎಲ್ ಕುಟುಂಬಕ್ಕೆ ಆ ಹತ್ತು ರೂಪಾಯಿಯೂ ಇಲ್ಲ. ಖಾತಾ ಬದಲಾವಣೆಯಂಥ ಕೆಲಸಕ್ಕೆ ಸಕಾಲ ಸಂಖ್ಯೆ ಕೇಳಿ ಪಡೆಯಿರಿ; ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ ಕೊಡಬೇಕೆಂದು ಆ ಕಾಯಿದೆ ಹೇಳುತ್ತದೆ. ನೋಟೀಸು ಬಂದರೆ ಅದರಲ್ಲಿರುವ ಗಡುವಿನೊಳಗೆ ಬರವಣಿಗೆಯಲ್ಲೇ ತಕರಾರು ಕೊಡಿ. ತಕರಾರು ಇದೆಯೆಂದು ಕರ ಕಟ್ಟುವುದನ್ನು ನಿಲ್ಲಿಸಬೇಡಿ, ದಂಡ ಯಾರಿಗಾಗಿಯೂ ಕಾಯುವುದಿಲ್ಲ. ಸ್ತ್ರೀಶಕ್ತಿ ಸಂಘದವರು ವರ್ಷಕ್ಕೊಂದು ವಾರದ ಸಭೆಯನ್ನು ಕರದ ಚೀಟಿ ಓದುವುದಕ್ಕೇ ಮೀಸಲಿಡಲಿ. ಹಳೆಯ ರಿಜಿಸ್ಟರುಗಳು ಈಗ ಇ-ಆಸ್ತಿ ಎಂದು ಗಣಕಯಂತ್ರಕ್ಕೆ ಏರುತ್ತಿವೆ. ಅಲ್ಲಿಗೆ ತಪ್ಪು ಏರಿತೆಂದರೆ ಇಳಿಸುವುದು ಇನ್ನೂ ಕಷ್ಟ.

ಕಚೇರಿಗಳಿಗೂ ಒಂದು ಮಾತು ಹೇಳಲೇಬೇಕು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ನಾವು ಜಿಲ್ಲೆಯಾದದ್ದು ಕಚೇರಿ ಹತ್ತಿರ ಬರಲೆಂದು. ಹತ್ತಿರ ಬಂದದ್ದು ಕಟ್ಟಡ ಮಾತ್ರ ಆಗಬಾರದು. ಕರ ಏರಿಸಿದಿರಾದರೆ ಯಾವ ಕಲಮಿನಲ್ಲಿ, ಯಾವ ಕಾರಣಕ್ಕೆ ಎಂದು ತಿಳಿಗನ್ನಡದಲ್ಲಿ ಚೀಟಿಯ ಮೇಲೆಯೇ ಬರೆಯಿರಿ. ತಕರಾರು ಕೇಳಲು ತಿಂಗಳಿಗೊಂದು ದಿನ ಗೊತ್ತು ಮಾಡಿ, ಬಾಗಿಲಿಗೆ ಬರೆದು ಹಾಕಿ. ಸಂವಿಧಾನದ 74ನೆಯ ತಿದ್ದುಪಡಿ ಈ ಸಭೆಗಳಲ್ಲಿ ಮೂರನೇ ಒಂದಕ್ಕೆ ಕಡಿಮೆಯಾಗದಷ್ಟು ಕುರ್ಚಿಗಳನ್ನು ಹೆಂಗಸರಿಗೆ ಕೊಟ್ಟಿದೆ. ಆ ಕುರ್ಚಿಯಲ್ಲಿ ಕೂತ ಅಕ್ಕಂದಿರೇ, ನಿಮ್ಮ ಪರವಾಗಿ ನಿಮ್ಮ ಯಜಮಾನರು ಮಾತಾಡುವುದನ್ನು ಬಿಡಿಸಿ, ಈ ಎರಡು ಬೇಡಿಕೆಯನ್ನು ಮುಂದಿನ ಸಭೆಯಲ್ಲಿ ನೀವೇ ಎದ್ದು ನಿಂತು ಕೇಳಿ. ಕೇಳಿದಿರೋ ಇಲ್ಲವೋ ಎಂಬುದನ್ನು ನಿಮ್ಮ ವಾರ್ಡಿನ ಹೆಣ್ಣುಮಕ್ಕಳು ಮುಂದಿನ ಚುನಾವಣೆಯವರೆಗೂ ನೆನಪಿಟ್ಟುಕೊಳ್ಳಲಿ.