ಖಜಾನೆಯ ಹಂಗಿನಲ್ಲೊಂದು ಪತ್ರಿಕೆ

ಸರ್ಕಾರದ ಸಂಬಳ ಎಣಿಸಿಕೊಳ್ಳುತ್ತ, ಆ ಸಂಗತಿಯನ್ನು ಮುಚ್ಚಿಟ್ಟು, ಸ್ವತಂತ್ರ ಪತ್ರಿಕೆ ನಡೆಸುತ್ತಿದ್ದೇನೆ ಎನ್ನುವ ಸಂಪಾದಕ ಓದುಗರಿಗೆ ದ್ರೋಹ ಬಗೆಯುತ್ತಾನೆ. ಬರೆದದ್ದೆಲ್ಲ ಸತ್ಯವೇ ಆಗಿದ್ದರೂ ಆ ದ್ರೋಹ ತೊಳೆದುಹೋಗದು. ಫಿಲಡೆಲ್ಫಿಯಾ ನಗರದ ‘ನ್ಯಾಷನಲ್ ಗೆಜೆಟ್’ ಕುರಿತು ನಮ್ಮ ತೀರ್ಪು ಇದು. 1791ರ ಅಕ್ಟೋಬರ್ 31ರಂದು ಹುಟ್ಟಿ, ವಾರಕ್ಕೆರಡು ಸಲ ಹೊರಬಂದು, 1793ರ ಅಕ್ಟೋಬರ್ 26ರಂದು ನಿಂತುಹೋದ ಈ ಪತ್ರಿಕೆಯನ್ನು ವಿರೋಧ ಪಕ್ಷದ ಮೊದಲ ದನಿ ಎಂದು ಕೊಂಡಾಡುವವರಿದ್ದಾರೆ. ಆ ದನಿಯ ಖರ್ಚಿನಲ್ಲಿ ಒಂದು ಪಾಲು ಸಾರ್ವಜನಿಕ ಬೊಕ್ಕಸದಿಂದ ಬಂತು ಎಂಬುದನ್ನೂ ಅವರು ಅಷ್ಟೇ ಗಟ್ಟಿಯಾಗಿ ಹೇಳಬೇಕು.

ಫಿಲಡೆಲ್ಫಿಯಾ ಆಗ ಅಮೆರಿಕದ ರಾಜಧಾನಿ. ಅಧ್ಯಕ್ಷ ವಾಷಿಂಗ್ಟನ್ ಅವರ ಸಂಪುಟದಲ್ಲೇ ಎರಡು ಬಣ. ಹಣಕಾಸು ನೋಡಿಕೊಳ್ಳುತ್ತಿದ್ದ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಪರವಾಗಿ ಜಾನ್ ಫೆನೊ ಅವರ ‘ಗೆಜೆಟ್ ಆಫ್ ದಿ ಯುನೈಟೆಡ್ ಸ್ಟೇಟ್ಸ್’ ತುತ್ತೂರಿ ಊದುತ್ತಿತ್ತು; ಖಜಾನೆ ಇಲಾಖೆಯ ಮುದ್ರಣದ ಕೆಲಸವೂ ಫೆನೊಗೆ ಸಿಗುತ್ತಿತ್ತು. ಇದನ್ನು ಕಂಡು ಕುದಿದ ವಿದೇಶಾಂಗ ಸಚಿವ ಥಾಮಸ್ ಜೆಫರ್ಸನ್, ಗೆಳೆಯ ಜೇಮ್ಸ್ ಮ್ಯಾಡಿಸನ್ ಜೊತೆಗೂಡಿ ಎದುರು ಪತ್ರಿಕೆಗೆ ಸಂಪಾದಕರನ್ನು ಹುಡುಕಿದರು. ಸಿಕ್ಕವರು ಫಿಲಿಪ್ ಫ್ರೆನೊ. ಪ್ರಿನ್ಸ್‌ಟನ್‌ನಲ್ಲಿ ಮ್ಯಾಡಿಸನ್‌ರ ಸಹಪಾಠಿ, ಕವಿ, ಬ್ರಿಟಿಷರ ಸೆರೆಹಡಗಿನಲ್ಲಿ ನರಳಿ ಬಂದವರು.

ಇಲ್ಲಿ ಒಂದು ಕಾಗದವನ್ನು ಹತ್ತಿರದಿಂದ ನೋಡಬೇಕು. 1791ರ ಫೆಬ್ರವರಿಯಲ್ಲಿ ಜೆಫರ್ಸನ್ ಫ್ರೆನೊಗೆ ಬರೆದ ಪತ್ರ ಅದು. ತಮ್ಮ ಇಲಾಖೆಯಲ್ಲಿ ಅನುವಾದಕ ಗುಮಾಸ್ತನ ಹುದ್ದೆ ಇದೆ, ವರ್ಷಕ್ಕೆ 250 ಡಾಲರ್ ಸಂಬಳ. ಕೆಲಸ ಎಷ್ಟು ಕಡಿಮೆಯೆಂದರೆ ಬೇರೆ ಯಾವ ಕಸುಬಿಗೂ ಅಡ್ಡಿಯಾಗದು. ಒಂದಿಷ್ಟು ಫ್ರೆಂಚ್ ಬಂದರೆ ಸಾಕು. ಆ ‘ಬೇರೆ ಕಸುಬು’ ಯಾವುದೆಂದು ಇಬ್ಬರಿಗೂ ತಿಳಿದಿರದೆ ಇರಲು ಸಾಧ್ಯವಿಲ್ಲ. ಫ್ರೆನೊ ಮೊದಲು ಹಿಂದೇಟು ಹಾಕಿದಾಗ ಜೆಫರ್ಸನ್ ಬೇಸರಪಟ್ಟು ಮ್ಯಾಡಿಸನ್‌ಗೆ ತೋಡಿಕೊಂಡರು: ಬಂದಿದ್ದರೆ ಕಚೇರಿಗೆ ಬರುವ ವಿದೇಶಿ ಸುದ್ದಿಯ ಕಾಗದಗಳನ್ನೆಲ್ಲ ಓದಲು ಕೊಡುತ್ತಿದ್ದೆ, ಕಾನೂನುಗಳ ಪ್ರಕಟಣೆಯನ್ನೂ ಕೊಡುತ್ತಿದ್ದೆ. ಆಗಸ್ಟ್‌ನಲ್ಲಿ ಫ್ರೆನೊ ಒಪ್ಪಿದರು.

ಪತ್ರಿಕೆ ಬರೆದದ್ದರಲ್ಲಿ ಹುರುಳಿತ್ತು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಸ್ವಾತಂತ್ರ್ಯ ಯುದ್ಧದ ಸೈನಿಕರು ಸಂಬಳದ ಬದಲು ಪಡೆದ ಸಾಲಪತ್ರಗಳನ್ನು ಹೊಟ್ಟೆಪಾಡಿಗೆಂದು ಬಿಡಿಗಾಸಿಗೆ ಮಾರಿಕೊಂಡಿದ್ದರು. ಹ್ಯಾಮಿಲ್ಟನ್ ಯೋಜನೆ ಅವುಗಳಿಗೆ ಪೂರ್ಣ ಬೆಲೆ ಕಟ್ಟಿದಾಗ ಲಾಭವೆಲ್ಲ ಕೊಂಡಿಟ್ಟುಕೊಂಡವರ ಪಾಲಾಯಿತು. ಈ ಅನ್ಯಾಯವನ್ನು ಎತ್ತಿ ಆಡುವ ಪತ್ರಿಕೆಯೊಂದು ಬೇಕೇ ಇತ್ತು. ಮ್ಯಾಡಿಸನ್ ಹೆಸರು ಹಾಕದೆ ಬರೆದ ಲೇಖನಗಳು ಪಕ್ಷರಾಜಕಾರಣಕ್ಕೆ ಸ್ಪಷ್ಟ ಆಕಾರ ಕೊಟ್ಟವು. ಆದರೆ ಸಂಪಾದಕ ಯಾರ ಸಂಬಳದಲ್ಲಿದ್ದಾರೆ ಎಂಬ ಗುಟ್ಟು ಹೊರಬಿದ್ದದ್ದು 1792ರ ಜುಲೈನಲ್ಲಿ, ಹ್ಯಾಮಿಲ್ಟನ್ ಸುಳ್ಳು ಸಹಿಯ ಹಿಂದೆ ನಿಂತು ಫೆನೊ ಪತ್ರಿಕೆಯಲ್ಲಿ ಬರೆದಾಗ. ಈ ಸಂಬಳ ಅನುವಾದಕ್ಕೋ ಬರಹಕ್ಕೋ ಎಂಬುದು ಅವರ ಪ್ರಶ್ನೆ. ಹ್ಯಾಮಿಲ್ಟನ್ ಕೈಯೂ ಶುದ್ಧವಿರಲಿಲ್ಲ, ಪ್ರಶ್ನೆ ಮಾತ್ರ ನ್ಯಾಯವಾಗಿತ್ತು.

ಉತ್ತರವಾಗಿ ಬಂದದ್ದು ಪ್ರಮಾಣಗಳು. ಫ್ರೆನೊ ನಗರದ ಮೇಯರ್ ಮುಂದೆ ಪ್ರಮಾಣ ಮಾಡಿದರು, ಪತ್ರಿಕೆ ಸ್ಥಾಪಿಸುವ ಮಾತುಕತೆಯನ್ನು ಜೆಫರ್ಸನ್ ತಮ್ಮೊಡನೆ ನಡೆಸಿಯೇ ಇಲ್ಲವೆಂದು. ಜೆಫರ್ಸನ್ ದೇವರ ಆಣೆಯಿಟ್ಟು ವಾಷಿಂಗ್ಟನ್‌ಗೆ ಬರೆದರು, ತಾನು ಒಂದು ವಾಕ್ಯವನ್ನೂ ಬರೆಯಲಿಲ್ಲ, ಬರೆಸಲಿಲ್ಲವೆಂದು. ಅಕ್ಷರಶಃ ನಿಜವಿದ್ದರೂ ಇರಬಹುದು. ಚಂದಾದಾರರನ್ನು ಕೂಡಿಸಿದ್ದು, ಹುದ್ದೆ ಕೊಟ್ಟದ್ದು, ಕಚೇರಿಗೆ ಬರುತ್ತಿದ್ದ ವಿದೇಶಿ ಪತ್ರಿಕೆಗಳನ್ನು ಒದಗಿಸಿದ್ದು ಅದಕ್ಕಿಂತ ದೊಡ್ಡ ನಿಜ. ಪತ್ರಿಕಾ ಸ್ವಾತಂತ್ರ್ಯವನ್ನು ಕಾಯುವ ಮೊದಲ ತಿದ್ದುಪಡಿ ಸಂವಿಧಾನಕ್ಕೆ ಸೇರಿದ್ದು 1791ರ ಡಿಸೆಂಬರ್ 15ರಂದು, ಈ ಪತ್ರಿಕೆ ಹುಟ್ಟಿದ ಆರೇ ವಾರಕ್ಕೆ; ಆದರೆ ಅದು ಪತ್ರಿಕೆಯನ್ನು ಕಾಯುವುದು ಸರ್ಕಾರದ ಕೋಪದಿಂದ, ಇಂಥ ಕೃಪೆಯಿಂದಲ್ಲ.

1793ರ ಆಗಸ್ಟ್‌ನ ಸಂಪುಟ ಸಭೆಯಲ್ಲಿ ವಾಷಿಂಗ್ಟನ್ ತಾಳ್ಮೆ ಕಳೆದುಕೊಂಡು ಸಿಡಿದರು: ಈ ಕಿಡಿಗೇಡಿ ಫ್ರೆನೊ ನನ್ನ ಮನೆಗೆ ಮೂರು ಮೂರು ಪ್ರತಿ ಕಳಿಸುತ್ತಾನೆ, ನಾನೇನು ಅವನ ಪತ್ರಿಕೆ ಹಂಚುವವನೇ? ಇದನ್ನು ಬರೆದಿಟ್ಟವರು ಜೆಫರ್ಸನ್ನರೇ. ಗುಮಾಸ್ತನನ್ನು ತೆಗೆಯಬೇಕೆಂಬ ಅಧ್ಯಕ್ಷರ ಇಂಗಿತ ಆ ಮೇ ತಿಂಗಳಲ್ಲೇ ಅರ್ಥವಾಗಿದ್ದರೂ ಅವರು ಒಪ್ಪಿರಲಿಲ್ಲ. ರಾಜಪ್ರಭುತ್ವದತ್ತ ಓಡುತ್ತಿದ್ದ ಸಂವಿಧಾನವನ್ನು ಉಳಿಸಿದ್ದು ಈ ಪತ್ರಿಕೆಯೇ ಎಂದು ಟಿಪ್ಪಣಿ ಮಾಡಿಕೊಂಡರು. ಉದ್ದೇಶ ದೊಡ್ಡದಾದರೆ ಮಾರ್ಗ ಹೇಗಿದ್ದರೂ ನಡೆಯುತ್ತದೆಂದು ಅಧಿಕಾರದಲ್ಲಿರುವವರು ನಂಬುವುದು ಹೀಗೆಯೇ. ಈ ಪ್ರಕರಣದಲ್ಲಿ ಹೆಚ್ಚಿನ ತಪ್ಪು ಜೆಫರ್ಸನ್ ಅವರದ್ದೇ. ಫ್ರೆನೊ ತಾವು ನಂಬಿದ್ದನ್ನೇ ಬರೆದರು; ಆ ನಂಬಿಕೆಗೆ ಋಣದ ಕಲೆ ಅಂಟಿಸಿದವರು ಜೆಫರ್ಸನ್.

ಅದೇ ಬೇಸಿಗೆಯ ಕೊನೆಗೆ ಹಳದಿ ಜ್ವರ ನಗರವನ್ನು ಹೊಕ್ಕಿತು. ಸುಮಾರು 5,000 ಮಂದಿ ಸತ್ತರು, ಅನುಕೂಲ ಇದ್ದವರು ಊರು ಬಿಟ್ಟರು. ಚಂದಾ ಹಣ ಬಾರದಾಯಿತು. ವರ್ಷದ ಕೊನೆಗೆ ಹುದ್ದೆ ಬಿಡುವುದಾಗಿ ಜೆಫರ್ಸನ್ ತಿಳಿಸಿಯಾಗಿತ್ತು. ಅಕ್ಟೋಬರ್‌ನಲ್ಲಿ ಫ್ರೆನೊ ಗುಮಾಸ್ತಿಕೆ ಬಿಟ್ಟರು, ಅದೇ ತಿಂಗಳು ಪತ್ರಿಕೆಯೂ ನಿಂತಿತು. ಸಾವಿಗೆ ಜ್ವರವೊಂದನ್ನೇ ದೂರಿದರೆ ಸಾಲದು, ಆಸರೆಯೂ ಕಳಚಿತ್ತು.

1801ರಲ್ಲಿ ಅಧ್ಯಕ್ಷರಾದ ಜೆಫರ್ಸನ್ ಪಾಠ ಕಲಿತಿರಲಿಲ್ಲ. ಹೊಸ ರಾಜಧಾನಿಯಲ್ಲಿ ಅವರ ಸರ್ಕಾರವನ್ನು ಬೆಂಬಲಿಸಿದ ‘ನ್ಯಾಷನಲ್ ಇಂಟೆಲಿಜೆನ್ಸರ್’ ಪತ್ರಿಕೆಯ ಸ್ಯಾಮ್ಯುಯೆಲ್ ಹ್ಯಾರಿಸನ್ ಸ್ಮಿತ್ ಅವರಿಗೆ ಸರ್ಕಾರಿ ಮುದ್ರಣದ ಕೆಲಸ ಸಂದಿತು.