ಕುರ್ಚಿ ಪದವಿಗೋ, ಬೆನ್ನಿಗೋ?

ಯಾವುದಾದರೊಂದು ದೊಡ್ಡ ಕಚೇರಿಯನ್ನು ಹೊಕ್ಕು ನೋಡಿರಿ. ಅಲ್ಲಿರುವವರ ಪದವಿಯೇನೆಂದು ಯಾರನ್ನೂ ಕೇಳಬೇಕಾದುದಿಲ್ಲ. ಕುರ್ಚಿಗಳೇ ಅದನ್ನು ಸಾರುತ್ತವೆ. ಮೇಲಧಿಕಾರಿಗೆ ತಲೆಯನ್ನೂ ಮೀರಿದ ಬೆನ್ನಾಸರೆಯ, ದಪ್ಪ ಮೆತ್ತೆಯ, ತಿರುಗುವ ಕುರ್ಚಿ. ಗುಮಾಸ್ತನಿಗೆ ಕೈಗಳಿಲ್ಲದ ಸಾದಾ ಕುರ್ಚಿ. ಆದರೆ ಹೆಚ್ಚು ಹೊತ್ತು ಕುಳಿತೇ ಇರುವವರು ಯಾರು? ಅಧಿಕಾರಿ ಸಭೆಗೆಂದೋ ತಪಾಸಣೆಗೆಂದೋ ಆಗಾಗ ಏಳುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಗಣಕಯಂತ್ರದ ಮುಂದಿನಿಂದ ಕದಲದೆ ದುಡಿಯುವವನು ಗುಮಾಸ್ತನೇ. ಕುರ್ಚಿಯನ್ನು ಪದವಿಗನುಸಾರವಾಗಿ ಹಂಚುವ ಈ ರೂಢಿಗೆ ವಿಜ್ಞಾನದ ಸಮ್ಮತಿಯಿಲ್ಲ. ಕುಳಿತುಕೊಳ್ಳುವ ದೇಹವನ್ನೂ, ಅದು ಕುಳಿತಿರುವ ಕಾಲವನ್ನೂ ನೋಡಿ ಕುರ್ಚಿಯನ್ನು ಆರಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ನಾವು ನಿಂತಿರುವಾಗ ಟೊಂಕದ ಐದು ಕಶೇರುಮಣಿಗಳ ಸಾಲು ಮುಂದಕ್ಕೆ ತುಸು ಬಾಗಿರುತ್ತದೆ. ಕುಳಿತೊಡನೆ ಸೊಂಟದ ಮೂಳೆಗಟ್ಟು ಹಿಂದಕ್ಕೆ ವಾಲುವುದರಿಂದ ಈ ಬಾಗು ಚಪ್ಪಟೆಯಾಗುತ್ತದೆ. ಮಣಿಗಳ ನಡುವೆ ಮೆತ್ತೆಗಳಂತಿರುವ ಬಿಲ್ಲೆಗಳ ಮೇಲೆ ಭಾರ ಬೀಳುವ ಬಗೆಯೂ ಆಗ ಬದಲಾಗುತ್ತದೆ. 1960ರ ದಶಕದಲ್ಲಿ ಸ್ವೀಡನ್ನಿನ ವೈದ್ಯ ಆಲ್ಫ್ ನಾಚೆಮ್ಸನ್ ಅವರು ಜೀವಂತ ಮನುಷ್ಯರ ಬಿಲ್ಲೆಯೊಳಕ್ಕೆ ಸೂಜಿಯನ್ನಿಳಿಸಿ ಒತ್ತಡವನ್ನು ಅಳೆದರು. ನಿಂತಾಗ ಇರುವುದಕ್ಕಿಂತ ಆಸರೆಯಿಲ್ಲದೆ ಕುಳಿತಾಗ ಒತ್ತಡ ಹೆಚ್ಚೆಂದು ಅವರಿಗೆ ಕಂಡಿತು. 1999ರಲ್ಲಿ ಜರ್ಮನಿಯ ಉಲ್ಮ್ ನಗರದ ಸಂಶೋಧಕರು ಒಬ್ಬ ವ್ಯಕ್ತಿಯಲ್ಲಿ ನಡೆಸಿದ ಅಳತೆಯಲ್ಲಾದರೋ ಅಷ್ಟು ಅಂತರ ಕಾಣಲಿಲ್ಲ. ಆದರೆ ಬೆನ್ನನ್ನು ಹಿಂದಕ್ಕೊರಗಿಸಿ ಆಸರೆ ಕೊಟ್ಟರೆ ಒತ್ತಡ ಇಳಿಯುವುದೆಂಬುದನ್ನು ಸ್ವೀಡನ್ನಿನ ಮುಂದಿನ ಪ್ರಯೋಗಗಳೂ ಜರ್ಮನಿಯ ಅಳತೆಯೂ ಸಮಾನವಾಗಿ ತೋರಿಸಿವೆ. ಆದುದರಿಂದ ಬೆನ್ನಾಸರೆಯು ಗೌರವದ ಗುರುತಲ್ಲ. ದುಡಿಯುವ ದೇಹದ ಅಗತ್ಯ.

ಹಾಗಾದರೆ ಎಲ್ಲರಿಗೂ ಒಂದೇ ಅಳತೆಯ ಒಳ್ಳೆಯ ಕುರ್ಚಿಯನ್ನು ಕೊಟ್ಟರೆ ಸಾಲದೆ? ಸಾಲದು. 1950ರಲ್ಲಿ ಅಮೆರಿಕದ ವಾಯುಪಡೆಯು 4,063 ವಿಮಾನಚಾಲಕರ ಮೈ ಅಳತೆಗಳನ್ನು ತೆಗೆಯಿತು. ಅವುಗಳಲ್ಲಿ ಹತ್ತನ್ನು ಆರಿಸಿಕೊಂಡು ಗಿಲ್ಬರ್ಟ್ ಡೇನಿಯಲ್ಸ್ ಪರೀಕ್ಷಿಸಿದಾಗ, ಹತ್ತರಲ್ಲಿಯೂ ಸರಾಸರಿಯ ಸಮೀಪದಲ್ಲಿದ್ದ ಚಾಲಕನು ಒಬ್ಬನೂ ದೊರೆಯಲಿಲ್ಲ! ಸರಾಸರಿ ಮನುಷ್ಯನೆಂಬವನು ಕಾಗದದ ಮೇಲಷ್ಟೇ ಇದ್ದಾನೆ. ನಮ್ಮ ದೇಶದವರ ಅಳತೆಗಳೂ ಈಗ ಲಭ್ಯವಿವೆ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1997ರಲ್ಲಿ ಅವನ್ನು ಪುಸ್ತಕರೂಪದಲ್ಲಿ ಪ್ರಕಟಿಸಿತು. ಹೀಗಿದ್ದರೂ ಒಂದೇ ತರಗತಿಯ ಗಿಡ್ಡನನ್ನೂ ನೀಳನನ್ನೂ ಒಂದೇ ಎತ್ತರದ ಬೆಂಚಿನ ಮೇಲೆ ಕೂರಿಸಿ, ಬೆನ್ನು ಬಾಗಿಸಿದವನನ್ನು ಗದರಿಸುವುದು ನಮ್ಮಲ್ಲಿ ಇನ್ನೂ ಉಂಟು. ತಪ್ಪು ಹುಡುಗನದೋ, ಬೆಂಚಿನದೋ?

ಕುರ್ಚಿಯನ್ನು ಕೊಳ್ಳಹೋಗುವವರು ಮೊದಲು ತಮ್ಮ ಮೈಯನ್ನು ಅಳೆದುಕೊಳ್ಳಲಿ. ನೆಲದಿಂದ ಮೊಣಕಾಲಿನ ಹಿಂಬದಿಯವರೆಗಿನ ಎತ್ತರವೇ ಪೀಠದ ಎತ್ತರವಾಗಿರಬೇಕು. ಪೀಠ ಅದಕ್ಕಿಂತ ಎತ್ತರವಾದರೆ ಅಂಚು ತೊಡೆಯನ್ನೊತ್ತಿ ಕಾಲು ಜೋಮು ಹಿಡಿಯುತ್ತದೆ. ತಗ್ಗಾದರೆ ಮಂಡಿ ಮೇಲೆದ್ದು ಟೊಂಕ ಹಿಂದಕ್ಕೆ ಬಾಗುತ್ತದೆ. ಬೆನ್ನನ್ನು ಪೂರ್ತಿ ಒರಗಿಸಿ ಕುಳಿತಾಗ ಪೀಠದ ಮುಂದಿನ ಅಂಚಿಗೂ ಮೀನಖಂಡಕ್ಕೂ ನಡುವೆ ಎರಡು ಮೂರು ಬೆರಳುಗಳಷ್ಟು ತೆರಪಿರಬೇಕು. ಪೀಠ ತೀರ ಆಳವಾಗಿದ್ದರೆ ಕುಳಿತವನು ಮುಂದಕ್ಕೆ ಸರಿಯುವನು. ಎಷ್ಟೇ ಬೆಲೆಯ ಬೆನ್ನಾಸರೆಯಾದರೂ ಆಗ ವ್ಯರ್ಥ. ಆಸರೆಯ ಉಬ್ಬು ನಡುಪಟ್ಟಿಯ ಎತ್ತರದಲ್ಲಿ ಟೊಂಕಕ್ಕೆ ತಾಗಬೇಕು. ಕುರ್ಚಿಯ ಕೈಗಳು ಭುಜವನ್ನು ಎತ್ತದೆ ಮೊಣಕೈಗೆ ಆಧಾರವಾಗಬೇಕು. ತಿರುಗುವ ಕುರ್ಚಿಯಾದರೆ ನಾಲ್ಕು ಕಾಲಿನದಕ್ಕಿಂತ ಐದು ಕಾಲಿನದು ಸುಲಭವಾಗಿ ಮಗುಚುವುದಿಲ್ಲ. ಅಂಗಡಿಯಲ್ಲಿ ಒಂದು ನಿಮಿಷ ಕುಳಿತು ಮೆತ್ತೆಯ ಮೃದುತ್ವಕ್ಕೆ ಮರುಳಾಗದೆ, ಕಾಲು ಗಂಟೆಯಾದರೂ ಕುಳಿತು ನೋಡುವುದು ಲೇಸು.

ಇದಕ್ಕೆಲ್ಲ ಹಣವೆಲ್ಲಿ ಎಂದು ಕೇಳುವವರುಂಟು. ಬೆಲೆ ಹೆಚ್ಚಿದಷ್ಟೂ ಸುಖ ಹೆಚ್ಚೆಂಬುದು ಭ್ರಮೆ. ಪಾದ ನೆಲಕ್ಕೆ ಎಟುಕದವರಿಗೆ ಒಂದು ಮರದ ಮಣೆ, ಟೊಂಕದ ಹಿಂದೆ ಸುತ್ತಿಟ್ಟ ಒಂದು ಟವೆಲು, ಇಷ್ಟರಿಂದಲೇ ಸಾದಾ ಕುರ್ಚಿಯೂ ಬಹುಮಟ್ಟಿಗೆ ಸುಧಾರಿಸುವುದು. ನಮ್ಮ ಸೆಕೆಗೆ ಗಾಳಿಯಾಡುವ ಹಳೆಯ ಬೆತ್ತದ ಹೆಣಿಗೆ ದಪ್ಪ ಮೆತ್ತೆಗಿಂತ ಎಷ್ಟೋ ಹಿತ. ಆಡಂಬರಕ್ಕೆಂದು ಒಂದು ಸಿಂಹಾಸನವನ್ನು ಕೊಳ್ಳುವ ಕಚೇರಿ, ಅದೇ ಹಣದಲ್ಲಿ ಎತ್ತರ ಹೊಂದಿಸಬಲ್ಲ ಕುರ್ಚಿಗಳನ್ನು ಹಲವರಿಗೆ ಒದಗಿಸಬಹುದು.

ವಿದ್ಯಾರ್ಥಿಮಿತ್ರರು ಮತ್ತೊಂದು ಮಾತನ್ನು ಮರೆಯಬಾರದು. ಬೆಳೆದವರ ಬೆನ್ನಿನ ಬಿಲ್ಲೆಗಳ ಒಳಭಾಗದಲ್ಲಿ ರಕ್ತನಾಳಗಳಿಲ್ಲ. ಅವಕ್ಕೆ ಪೋಷಣೆ ದೊರೆಯುವುದು ಸುತ್ತಲಿನಿಂದ ಮೆಲ್ಲನೆ ಒಸರಿ ಬರುವ ದ್ರವದಿಂದ. ದೇಹದ ಚಲನೆ ಇದಕ್ಕೆ ಸಹಾಯಕ. ಆದುದರಿಂದ ಅತ್ಯುತ್ತಮ ಕುರ್ಚಿಯಲ್ಲಿಯೂ ಕಲ್ಲಿನ ವಿಗ್ರಹದಂತೆ ಕುಳಿತಿರುವುದು ತರವಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿರಿ. ನಾಳೆ ನಿಮ್ಮಲ್ಲಿ ಕೆಲವರು ಕಚೇರಿಗಳಿಗೆ ಕುರ್ಚಿಗಳನ್ನು ಕೊಳ್ಳುವ ಅಧಿಕಾರವನ್ನು ಪಡೆಯುವಿರಿ. ಅಂದು ಕೈಯಲ್ಲಿ ಪದವಿಗಳ ಪಟ್ಟಿಯಿರದೆ ಅಳತೆಯ ಪಟ್ಟಿಯಿರಲಿ.