ಮಾಡಗ್ಯಾಳದ ಕುರಿಗೆ ತಕ್ಕಡಿ ಬೇಕು

ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನಲ್ಲಿ ಮಾಡಗ್ಯಾಳ ಎಂಬ ಊರಿದೆ. ತಾಲೂಕಿನ ಈ ಪೂರ್ವ ಭಾಗದಲ್ಲಿ ಕನ್ನಡವೇ ಆಡುಮಾತು. ಊರಿನ ಹೆಸರನ್ನೇ ಹೊತ್ತ ಇಲ್ಲಿನ ಕುರಿ ಎತ್ತರದ ನಿಲುವಿನದು. ಬಿಳಿ ಮೈಯ ಮೇಲೆ ಕಂದು ಮಚ್ಚೆ, ಗಿಣಿಯ ಕೊಕ್ಕಿನಂತೆ ಬಾಗಿದ ಮೂಗು. ಪಕ್ಕದ ಆಟಪಾಡಿ ತಾಲೂಕಿನ ಸಾಕಣೆದಾರರೊಬ್ಬರು ಈ ತಳಿಯ ಟಗರೊಂದಕ್ಕೆ 70 ಲಕ್ಷ ರೂಪಾಯಿ ಕೊಡಲು ಬಂದವರನ್ನು ಹಿಂದಕ್ಕೆ ಕಳುಹಿಸಿದರೆಂಬ ಸುದ್ದಿ 2020ರಲ್ಲಿ ದೇಶದ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಅದನ್ನೋದಿ ಮುಂಬಯಿಯಲ್ಲಿ ಬೆರಗಾದವರು ಅನೇಕರು. ಆದರೆ ಅದೇ ಸೀಮೆಯ ಸಾಮಾನ್ಯ ಕುರಿಗಾಹಿ ತನ್ನ ಮರಿಯನ್ನು ಎಷ್ಟಕ್ಕೆ ಮಾರುತ್ತಾನೆ, ಹೇಗೆ ಮಾರುತ್ತಾನೆ ಎಂದು ವಿಚಾರಿಸಿದವರು ಕಡಿಮೆ. (ಜತ್ತದ ಹೆಸರು ಈ ನಗರಕ್ಕೆ ನೆನಪಾಗುವುದೇ ಗಡಿ ತಂಟೆ ಎದ್ದಾಗ. 2022ರ ಕೊನೆಯಲ್ಲಿ ಆದದ್ದೂ ಅದೇ.)

ಜತ್ತ, ಅಥಣಿ, ಇಂಡಿ, ವಿಜಯಪುರದ ಕಡೆ ಮಳೆ ನಂಬಿದ ಬೇಸಾಯಕ್ಕಿಂತ ಕುರಿ ನಂಬಿದ ಮನೆಗಳು ಗಟ್ಟಿ ಎಂಬುದು ಹಳೆಯ ಅನುಭವ. 2019ರ ಜಾನುವಾರು ಗಣತಿಯಲ್ಲಿ ಕರ್ನಾಟಕದ ಕುರಿಗಳ ಸಂಖ್ಯೆ 1 ಕೋಟಿ 10 ಲಕ್ಷ ದಾಟಿತ್ತು. ದೇಶದಲ್ಲಿ ತೆಲಂಗಾಣ ಮತ್ತು ಆಂಧ್ರದ ನಂತರದ ಸ್ಥಾನ. ಇಷ್ಟು ದೊಡ್ಡ ಸಂಪತ್ತು ಇಂದಿಗೂ ಬಹುತೇಕ ಸಂತೆಗಳಲ್ಲಿ ಕಣ್ಣಂದಾಜಿನ ಮೇಲೆಯೇ ಕೈ ಬದಲಾಯಿಸುತ್ತಿದೆ. ದಲ್ಲಾಳಿ ಮರಿಯ ಬೆನ್ನು, ಸೊಂಟ ಹಿಸುಕಿ ನೋಡಿ ಬೆಲೆ ಹೇಳುತ್ತಾನೆ. ವಾರಕ್ಕೆ ನೂರಾರು ಕುರಿ ಮುಟ್ಟುವ ಅವನ ಕೈಗೆ ತೂಕ ಗೊತ್ತು. ವರ್ಷಕ್ಕೆ ಹತ್ತಿಪ್ಪತ್ತು ಮರಿ ಮಾರುವವನಿಗೆ ಗೊತ್ತಿಲ್ಲ.

ಲೆಕ್ಕ ಕಠಿಣವೇನಲ್ಲ. 20 ಕಿಲೋ ತೂಗುವ ಮರಿಯಿಂದ ಸುಮಾರು 9ರಿಂದ 10 ಕಿಲೋ ಮಾಂಸ ಸಿಗುತ್ತದೆ. ತಲೆ, ಕಾಲು, ಚರ್ಮ ಬೇರೆ. ಅಂದಾಜಿನಲ್ಲಿ ಮರಿಯ ತೂಕ ನಾಲ್ಕು ಕಿಲೋ ಕಡಿಮೆಯಾಯಿತೆಂದರೆ ಎರಡು ಕಿಲೋ ಮಾಂಸದ ಬೆಲೆ ಕುರಿಗಾಹಿಯ ಕೈತಪ್ಪಿತು ಎಂದರ್ಥ. ನಗರದಲ್ಲಿ ಮಟನ್ ಕೊಳ್ಳುವವರಿಗೆ ಆ ಎರಡು ಕಿಲೋದ ಬೆಲೆ ಎಷ್ಟೆಂದು ಹೇಳಬೇಕಾಗಿಲ್ಲ. ಸಂತೆಗೊಂದು ತೂಕದ ಯಂತ್ರ, ಪಕ್ಕದಲ್ಲಿ ಆ ದಿನದ ಜೀವತೂಕದ ದರ ಬರೆದ ಹಲಗೆ: ಇಷ್ಟಾದರೂ ಚೌಕಾಶಿ ಸಮಬಲದವರ ನಡುವಿನದಾಗುತ್ತದೆ.

ಇನ್ನೊಂದು ನಷ್ಟ ಕಾಲದ್ದು. ಬಕ್ರೀದ್ ಹಬ್ಬ ಪ್ರತಿವರ್ಷ ಸುಮಾರು 11 ದಿನ ಮುಂಚೆ ಬರುತ್ತದೆ. 2024ರಲ್ಲಿ ಜೂನ್ ಮಧ್ಯಕ್ಕೆ ಬಂದಿತ್ತು, 2025ರಲ್ಲಿ ಜೂನ್ ಮೊದಲ ವಾರಕ್ಕೆ. ಇನ್ನು ಕೆಲವು ವರ್ಷ ಅದು ಕಡುಬೇಸಗೆಯಲ್ಲೇ ಬೀಳಲಿದೆ. ಬಯಲುಸೀಮೆಯಲ್ಲಿ ಮೇವು, ನೀರು ಎರಡೂ ಬತ್ತುವ ಹೊತ್ತು ಅದು. ಹೀಗಾಗಿ ಒಳ್ಳೆಯ ಟಗರುಮರಿಗಳನ್ನು ಕುರಿಗಾಹಿ ಚಳಿಗಾಲ ಮುಗಿಯುತ್ತಲೇ ಮಾರಿಬಿಡುತ್ತಾನೆ. ಕೊಂಡವನು ಮೂರು ತಿಂಗಳು ಮೇಯಿಸಿ ಹಬ್ಬದ ಬೆಲೆ ಪಡೆಯುತ್ತಾನೆ. ಸುಗ್ಗಿಯಲ್ಲಿ ತೊಗರಿ ಹೊಟ್ಟು, ಶೇಂಗಾ ಹೊಟ್ಟು, ಜೋಳದ ಕಣಿಕೆ ಅಗ್ಗವಾಗಿದ್ದಾಗ ಹತ್ತು ಮನೆಯವರು ಕೂಡಿ ಕೊಂಡು ಕೂಡಿಟ್ಟರೆ ಆ ಮೂರು ತಿಂಗಳ ಲಾಭ ಹಿಂಡಿನ ಮನೆಗೇ ಉಳಿದೀತು. ಆದರೆ ಸುಗ್ಗಿಯಲ್ಲಿ ಕೈಯಲ್ಲಿ ರೊಕ್ಕವಿರಬೇಕಲ್ಲ? ಸಹಕಾರಿ ಸಂಘದ ಸಣ್ಣ ಸಾಲ ಬೇಕಾಗುವುದು ಇಲ್ಲಿಯೇ.

ಸರಕಾರಗಳು ಏನೂ ಮಾಡಿಲ್ಲವೆಂದಲ್ಲ. 2021ರಲ್ಲಿ ಪರಿಷ್ಕೃತಗೊಂಡ ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಕುರಿ-ಮೇಕೆ ತಳಿ ಘಟಕಗಳಿಗೆ ಶೇ. 50 ಸಹಾಯಧನವಿದೆ; 500 ಹೆಣ್ಣು, 25 ಗಂಡು ಕುರಿಗಳ ಘಟಕಕ್ಕೆ 50 ಲಕ್ಷ ರೂಪಾಯಿವರೆಗೆ. ಆದರೆ ಜಮೀನು, ಬ್ಯಾಂಕ್ ಸಾಲ, ಯೋಜನಾ ವರದಿ ಇವೆಲ್ಲ ಉಳ್ಳವರಿಗೆ ಇದು ಅನುಕೂಲ. ವರ್ಷದ ಬಹುಭಾಗ ಹಿಂಡಿನ ಹಿಂದೆ ನಡೆಯುವವನಿಗೆ ಇದರಿಂದ ಒದಗುವುದು ಅಷ್ಟಕ್ಕಷ್ಟೇ. ಫಲ್ಟಣದ ನಿಂಬಕರ್ ಸಂಶೋಧನಾ ಸಂಸ್ಥೆ ಬಂಗಾಲದ ಗರೋಲ್ ಕುರಿಯ ಅವಳಿಮರಿ ಗುಣವನ್ನು ದಖ್ಖನಿ ಕುರಿಗೆ ತಂದು 'ಸುವರ್ಣ' ತಳಿ ರೂಪಿಸಿದ್ದು ಹೆಮ್ಮೆಯ ಕೆಲಸ. ಆದರೂ ದಿನಕ್ಕೆ ಹತ್ತಾರು ಮೈಲಿ ನಡೆಯುವ ತಾಯಿಕುರಿ ಎರಡು ಮರಿಗಳಿಗೆ ಹಾಲೂಡಲು ಮೊದಲು ಅದಕ್ಕೆ ಮೇವು ಬೇಕು.

ತಳಿಗಿಂತ ಮೊದಲಿನದು ಲಸಿಕೆ. ಪಿಪಿಆರ್ ಲಸಿಕೆ ಒಮ್ಮೆ ಹಾಕಿದರೆ ಸುಮಾರು ಮೂರು ವರ್ಷ ರಕ್ಷಣೆ. ಮುಂಗಾರಿನ ಚಿಗುರು ಹುಲ್ಲಿಗೆ ಬರುವ ಕರುಳುಬೇನೆಗೆ ವರ್ಷವರ್ಷವೂ ಮಳೆಗೆ ಮುಂಚೆ ಲಸಿಕೆ ಬೇಕು. ದೇಶದಿಂದ 2030ರೊಳಗೆ ಪಿಪಿಆರ್ ನಿರ್ಮೂಲನೆಯ ಗುರಿ ಇದೆ. ಲಸಿಕೆಯ ತಂಡ ಊರಿಗೆ ಬಂದ ದಿನ ಹಿಂಡು ಮತ್ತಾವುದೋ ಜಿಲ್ಲೆಯ ಹೊಲದಲ್ಲಿ ಗೊಬ್ಬರಕ್ಕೆ ನಿಂತಿರುತ್ತದೆ. ಹಿಂಡು ರಾಜ್ಯದ ಗಡಿ ನೋಡಿ ನಡೆಯುವುದಿಲ್ಲ. ಇಲಾಖೆಗಳ ದಾಖಲೆ ಮಾತ್ರ ಗಡಿಗೆ ಬಂದು ನಿಲ್ಲುತ್ತದೆ. ವಲಸೆ ಕುರಿಗಾಹಿಗಳ ರಕ್ಷಣೆಗೆ ಕರ್ನಾಟಕ 2025ರಲ್ಲಿ ವಿಧಾನಸಭೆಯಲ್ಲಿ ಮಸೂದೆ ತಂದಿದೆ. ಉಭಯ ರಾಜ್ಯಗಳ ಪಶುವೈದ್ಯರು ಒಪ್ಪುವ ಒಂದೇ ಲಸಿಕೆ ಚೀಟಿಗೆ ಯಾವ ಮಸೂದೆಯೂ ಬೇಕಿಲ್ಲ, ಇಬ್ಬರು ಅಧಿಕಾರಿಗಳು ಕೂತು ಮಾತಾಡಿದರೆ ಸಾಕು.

ಮುಂಬಯಿ, ಪುಣೆಯ ಕನ್ನಡ ಸಂಘಗಳಲ್ಲಿ ಈ ಸೀಮೆಯಿಂದ ಬಂದವರು ಸಾಕಷ್ಟಿದ್ದಾರೆ. ಬ್ಯಾಂಕಿನವರು, ಲೆಕ್ಕಪರಿಶೋಧಕರು, ವಕೀಲರೂ ಇದ್ದಾರೆ. ಕುರಿಗಾಹಿಗಳ ಉತ್ಪಾದಕ ಕಂಪೆನಿಯೊಂದರ ನೋಂದಣಿ, ಲೆಕ್ಕಪತ್ರ, ಸಾಲದ ಅರ್ಜಿ ಇವರಿಗೆ ರವಿವಾರದ ಕೆಲಸ. ಎರಡೂ ಭಾಷೆ ಬಲ್ಲ ಇವರು ಸಾಂಗಲಿಯ ಕಚೇರಿಯಲ್ಲಿ ಮರಾಠಿಯಲ್ಲೂ ವಿಜಯಪುರದ ಕಚೇರಿಯಲ್ಲಿ ಕನ್ನಡದಲ್ಲೂ ಆ ಲಸಿಕೆ ಚೀಟಿಯ ಮಾತೆತ್ತಬಲ್ಲರು. ವಾರ್ಷಿಕೋತ್ಸವದ ಶಾಲು-ಹಾರಗಳ ಖರ್ಚಿನಲ್ಲಿ ಒಂದಷ್ಟು ಉಳಿಸಿದರೂ ಊರ ಸಂತೆಗೊಂದು ತೂಕದ ಯಂತ್ರ ಬರುತ್ತದೆ.